ಹಳೇ ನೀರು ಚೆಲ್ಲುವ ಯಂತ್ರ

"ನೀರಿಗೂ ವಯಸ್ಸು ಇರ್ತೈತಿ!" ಎಂದು ನಮ್ಮ ಮನೆಯವರು ಅಂಗಳದಲ್ಲಿ ನಿಂತು ಸಾರಿದಾಗ ನನ್ನ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಇಲ್ಲದಿದ್ದರೆ ಅಲ್ಲೇ ಹಣೆ ಬಡಿದುಕೊಳ್ಳುತ್ತಿದ್ದೆ.

ನಮ್ಮ ಮನೆಯವರು, ಓಣಿಯವರ ಬಾಯಲ್ಲಿ ಗುರುಪಾದಣ್ಣ, ಬೋರ್‌ವೆಲ್ ಮೋಟಾರ್‌ಗಳಿಗೆ ತಂತಿ ಸುತ್ತುವವರು. ಊರಿನ ಬೋರ್‌ಗಳೆಲ್ಲ ಬತ್ತಿ ಅಂಗಡಿಗೆ ಮೋಟಾರ್ ಬರುವುದು ನಿಂತಿತು. ಅವರ ತಲೆಯೊಳಗಿನ ಮೋಟಾರ್ ಮಾತ್ರ ನಿಲ್ಲಲಿಲ್ಲ. ಮನೆ ನಡೆಯುವುದು ನನ್ನ ಖಾನಾವಳಿಯಿಂದ. ನಮ್ಮ ಪಡಸಾಲೆಯಲ್ಲೇ ರೊಟ್ಟಿ, ಎಣ್ಣೆಗಾಯಿ, ಅನ್ನ, ಸಾರು ಬಡಿಸುತ್ತೇನೆ. ಶುರು ಮಾಡಿದಾಗಿನಿಂದ ಒಂದು ದಿನವೂ ಒಲೆ ಆರಿಸಿದವಳಲ್ಲ.

ಅಂಗಳದಲ್ಲಿ ನಿಂತಿದ್ದ ವಸ್ತುವಿಗೆ ಹಳೆಯ ವಾಷಿಂಗ್ ಮಷಿನ್ನಿನ ಮೈ, ತಳ್ಳುಗಾಡಿಯ ಗಾಲಿ, ಮುಂದೆ ಒಂದು ಉದ್ದನೆಯ ರಬ್ಬರ್ ಸೊಂಡಿಲು. ಹೆಸರು ಜಲಜಾಣ.

"ಯಾವ ನೀರು ಯಾವಾಗ ಬಂದದ್ದು ಅನ್ನೂದನ್ನ ಇದು ವಾಸನೀಲೇ ಹೇಳ್ತೈತಿ" ಎಂದು ಇವರು ಎರಡು ತಂಬಿಗೆ ಇಟ್ಟರು. ಒಂದರಲ್ಲಿ ನಮ್ಮ ಕೊಡದ ನೀರು, ಇನ್ನೊಂದರಲ್ಲಿ ಪಕ್ಕದ ಮನೆಯ ಹುಸೇನಬಿ ಆಗಷ್ಟೇ ಟ್ಯಾಂಕರಿನಿಂದ ಹಿಡಿದ ನೀರು. ಜಲಜಾಣ ಎರಡನ್ನೂ ಮೂಸಿತು. ನಮ್ಮ ತಂಬಿಗೆಯ ನೀರನ್ನು ಸೊರ್ರನೆ ಹೀರಿ, ನೋಡಲು ಬಂದಿದ್ದ ಹುಸೇನಬಿಯ ಮೈಮೇಲೆ ಎರಚಿತು.

"ಗುರುಪಾದಣ್ಣ, ನಂದು ಮುಂಜಾನೇನ ಜಳಕ ಆಗೇತ್ರಿ" ಎಂದಳು ಆಕೆ, ಮುಖ ಒರೆಸಿಕೊಳ್ಳುತ್ತ.

ನಮ್ಮ ಅತ್ತೆ ನೀಲವ್ವನವರಿಗೆ ಮಾತ್ರ ಕಣ್ಣು ತುಂಬಿ ಬಂತು. "ನನ್ನ ಹಂಗ ಮಾಡತೈತಲ್ಲೋ ಇದು!"

"ನಿನ್ನ ನೋಡೇ ಕಲತೈತಿ ಅವ್ವಾ."

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಓಣಿಗೆ ನಳದ ನೀರು ಬರುವುದು ಎಂಟು ದಿನಕ್ಕೊಮ್ಮೆ. ಬಂದ ದಿನ ಎಲ್ಲರೂ ಮೊದಲು ಮಾಡುವ ಕೆಲಸವೆಂದರೆ, ಮನೆಯಲ್ಲಿ ಉಳಿದ ನೀರನ್ನೆಲ್ಲ ಬೀದಿಗೆ ಚೆಲ್ಲುವುದು. ಯಾಕೆಂದರೆ ಅದು ಹಳೇ ನೀರು! ಅದೇ ಟ್ಯಾಂಕಿನದು, ಅದೇ ಪೈಪಿನದು, ನಿನ್ನೆಯವರೆಗೆ ಹನಿ ಹನಿ ಲೆಕ್ಕ ಹಾಕಿ ಬಳಸಿದ್ದು. ಹೊಸದು ಬಂತೆಂದರೆ ಹಳೆಯದಕ್ಕೆ ಮರ್ಯಾದೆ ಇಲ್ಲ. ಈ ಮತಕ್ಕೆ ಅತ್ತೆಯೇ ಗುರು. ನಾನು ಬಾಯಿ ನೋಯುವಷ್ಟು ಹೇಳಿದ್ದೇನೆ. ಕೋಣದ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

"ಇದಕ್ಕ ಸ್ವಿಚ್ ಎಲ್ಲೈತ್ರಿ?" ಎಂದು ಕೇಳಿದೆ.

"ಇಲ್ಲ. ಇಟ್ರ ನೀ ಆರಿಸ್ತಿ."

ಹೌದು, ಆರಿಸುತ್ತಿದ್ದೆ.

ಆ ವಾರ ನನಗೆ ನೀರು ಎಂದರೆ ಪ್ರಾಣವಾಗಿತ್ತು. ಎದುರಿನ ಶಾಲೆಯಲ್ಲಿ ಮೇಷ್ಟ್ರುಗಳ ತರಬೇತಿ ಶಿಬಿರ. ಮೊದಲ ದಿನದ ಊಟ ನನ್ನದು. ಹಿಡಿಸಿದರೆ ಶಿಬಿರ ಮುಗಿಯುವವರೆಗೂ ಊಟ ನನ್ನ ಕಡೆಯಿಂದಲೇ. ಇಲ್ಲವಾದರೆ ಬಸ್‌ಸ್ಟ್ಯಾಂಡಿನ ಖಾನಾವಳಿಯವನು ಬಾಯಿ ತೆರೆದುಕೊಂಡು ಕೂತಿದ್ದಾನೆ. ಶಿಬಿರದ ಹಿಂದಿನ ದಿನವೇ ನಳ ಬರುವ ಸರದಿ. ಆದರೂ ನಂಬಿಕೆ ಸಾಲದೆ ಎರಡು ಕೊಡ ನೀರನ್ನು ಮಂಚದ ಕೆಳಗೆ ಗೋಣಿಚೀಲ ಹೊದಿಸಿ ಬಚ್ಚಿಟ್ಟೆ.

ನಳದ ದಿನ ಬೆಳಕು ಹರಿಯುವಾಗ ಪೈಪು ಬುಸ್ ಎಂದಿತು. ಜಲಜಾಣ ಗಡಗಡ ಓಡಿತು. ನಳದ ಕಡೆಗಲ್ಲ, ನೇರ ನನ್ನ ಮಂಚದ ಕೆಳಗೆ! ಗೋಣಿಚೀಲ ಎಳೆದು ಎರಡೂ ಕೊಡ ಹೀರಿ, ಹೊಸ್ತಿಲಾಚೆ ಬೀದಿಗೆ ಉಗುಳಿತು.

"ನನ್ನ ನೀರು!" ಎಂದೆ.

"ಹಳೇ ನೀರಾಗ ಮೇಷ್ಟ್ರಿಗೆ ಸಾರು ಮಾಡಾಕಿ ಇದ್ದೇನು?" ಎಂದು ಅತ್ತೆ ನನ್ನನ್ನೇ ಬೈದರು.

ಹೋಗಲಿ, ನಳ ಬಂದಿದೆಯಲ್ಲ ಎಂದು ಸುಮ್ಮನಾದೆ. ಜಲಜಾಣ ಮೊದಲ ಕೊಡ ತುಂಬಿಸಿತು. ಎರಡನೆಯದು ತುಂಬಿಸಿತು. ಇವರು ಮೀಸೆ ತಿರುವಿದರು. ಅಷ್ಟರಲ್ಲಿ ಯಂತ್ರ ತಿರುಗಿ ಮೊದಲ ಕೊಡ ಮೂಸಿ, ಅದನ್ನು ಬೀದಿಗೆ ಚೆಲ್ಲಿತು. ಮತ್ತೆ ತುಂಬಿತು. ಈಗ ಎರಡನೆಯದನ್ನು ಮೂಸಿ ಚೆಲ್ಲಿತು.

"ಏನ್ರಿ ಇದು?"

ಇವರ ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು. "ನಳದಾಗ ಈಗ ಬರೂ ನೀರು ಕೊಡದಾಗಿನ ನೀರಿಗಿಂತ ಹೊಸದು, ಲೀಲಾ. ಹಂಗಾಗಿ ಕೊಡದಾಗಿಂದು ಹಳೇದಾತು. ಲೆಕ್ಕ ಖರೆ ಐತಿ."

"ನಿಮ್ಮ ಲೆಕ್ಕಕ್ಕ ಬೆಂಕಿ ಹಚ್ಚ! ಹಿಡೀರಿ ಅದನ್ನ!"

ಹಿಡಿಯಲು ಹೋದವರ ಲುಂಗಿ ಒದ್ದೆಯಾಯಿತು. ನಾನು ಲಟ್ಟಣಿಗೆಯಿಂದ ಬಾರಿಸಿದೆ, ಲಟ್ಟಣಿಗೆ ಮುರಿಯಿತು. ನಮ್ಮ ಕೊಡಗಳು ಸಾಲದೆ ಅದು ಹುಸೇನಬಿಯ ಮನೆಗೆ ನುಗ್ಗಿ ಬ್ಯಾರಲ್ ಬರಿದು ಮಾಡಿತು. ಅಲ್ಲಿಂದ ಆಚೆ ಮನೆ, ಅದರಾಚೆ ಮನೆ. ಯಾವ ಮನೆಯಲ್ಲೂ ಬಕೆಟ್ಟಿನ ತಳದಷ್ಟೂ ನೀರು ಉಳಿಯಲಿಲ್ಲ. ಓಣಿಯ ಹೆಂಗಸರು ಪೊರಕೆ ಹಿಡಿದು ಅದರ ಹಿಂದೆ, ಗಂಡಸರು ನಮ್ಮ ಮನೆಯವರ ಹಿಂದೆ! ಬೀದಿಯಲ್ಲಿ ಪಾದ ಮುಳುಗುವಷ್ಟು ನೀರು ಹರಿದು ಗಟಾರ ಸೇರಿತು. ಹೊತ್ತೇರುವುದರೊಳಗೆ ನಳ ನಿಂತಿತು. ಇನ್ನು ಮುಂದಿನ ವಾರವೇ.

ಟ್ಯಾಂಕರಿನವನಿಗೆ ಫೋನ್ ಮಾಡಿದರೆ ನಾಡಿದ್ದು ಬರುತ್ತೇನೆಂದ.

"ಬಸ್‌ಸ್ಟ್ಯಾಂಡಿನವಂಗ ಹೇಳಿಬಿಡು, ನಾಳೆ ಅವನ ಊಟ ಹಾಕಲಿ" ಎಂದರು ಇವರು, ತಲೆ ತಗ್ಗಿಸಿ.

ನನಗೆ ಅಳು ಬಂತು. ಅಳುತ್ತಲೇ ಸೆರಗು ಸಿಕ್ಕಿಸಿದೆ. "ನನ್ನ ಒಲಿ ಆರೂದಿಲ್ಲ. ಅವನ ಹೆಸರು ಈ ಮನ್ಯಾಗ ಎತ್ತಬ್ಯಾಡ್ರಿ."

ಜಲಜಾಣ ಖಾಲಿ ಬೀದಿಯಲ್ಲಿ ಸೊಂಡಿಲೆತ್ತಿ ಇನ್ನೂ ಹಳೇ ನೀರು ಹುಡುಕುತ್ತಿತ್ತು. ಅದನ್ನು ನೋಡುತ್ತ ನಿಂತವಳಿಗೆ ತಟ್ಟನೆ ಹೊಳೆಯಿತು. ಇದಕ್ಕೆ ಬೇಕಾದದ್ದು ಹಳೇ ನೀರು ತಾನೆ? ಶಾಲೆಯ ಹಿಂದೆ ಹಾಳುಬಾವಿ ಇದೆ. ಮನೆ ಮನೆಗೆ ನಳ ಬಂದ ಮೇಲೆ ಯಾರೂ ಅದರತ್ತ ಸುಳಿದಿಲ್ಲ. ಹಸಿರು ಪಾಚಿ, ಗಬ್ಬು ವಾಸನೆ. ಆದರೆ ಅತ್ತೆ ಮದುವೆಯಾಗಿ ಬಂದ ಕಾಲಕ್ಕೆ ಊರೆಲ್ಲ ಅದರ ನೀರೇ ಕುಡಿಯುತ್ತಿತ್ತಂತೆ.

ಹಗ್ಗ ಕಟ್ಟಿ ಒಂದು ತಂಬಿಗೆ ಸೇದಿ ತಂದು ಅದರ ಸೊಂಡಿಲಿಗೆ ಹಿಡಿದೆ. ಮೂಸಿದ್ದೇ ತಡ, ಯಂತ್ರದ ಮೈಯೆಲ್ಲ ನಡುಗಿತು. ಅಷ್ಟು ಹಳೆಯ ನೀರನ್ನು ಅದು ಹುಟ್ಟಿದಾಗಿನಿಂದ ಕಂಡಿರಲಿಲ್ಲ! ಅದು ಹೀರುವ ಮೊದಲೇ ತಂಬಿಗೆ ಎಳೆದುಕೊಂಡು ನಾನು ಮುಂದೆ, ಅದು ಕುಂಯ್‌ಗುಡುತ್ತ ಹಿಂದೆ, ಪೊರಕೆ ಹಿಡಿದ ಓಣಿ ಅದರ ಹಿಂದೆ.

ಬಾವಿಕಟ್ಟೆಗೆ ಬಂದದ್ದೇ ಅದು ಸೊಂಡಿಲನ್ನು ಒಳಗೆ ಇಳಿಬಿಟ್ಟಿತು. ಹಸಿರು ನೀರು ಕಾರಂಜಿಯಂತೆ ಹಾರಿ ಶಾಲೆಯ ಬೇವಿನ ಗಿಡಗಳಿಗೆ ಬಿತ್ತು. ಹಿಂದೆಯೇ ಒಡೆದ ಕೊಡ, ಚಪ್ಪಲಿ, ಸೈಕಲ್ಲಿನ ಗಾಲಿ, ಅತ್ತೆ ಹೊಸ ಸೊಸೆಯಾಗಿದ್ದಾಗ ಬಾವಿಗೆ ಬಿಟ್ಟು ಬೈಸಿಕೊಂಡಿದ್ದ ಹಿತ್ತಾಳೆ ಚೆಂಬು. ಸಂಜೆಯ ಹೊತ್ತಿಗೆ ತಳದ ರಾಡಿಯೂ ಮೇಲೆ ಬಂತು. ನಾನು ಕಟ್ಟೆ ಬಿಟ್ಟು ಏಳಲಿಲ್ಲ.

"ಬರೀ ಕೆಸರು ಉಳೀತು, ಲೀಲಕ್ಕ" ಎಂದಳು ಹುಸೇನಬಿ.

"ತಡಿ" ಎಂದೆ.

ತಳದ ಕಲ್ಲಿನ ಸಂದಿಯಲ್ಲಿ ಏನೋ ಮಿಣುಕಿತು. ನಮ್ಮ ಮನೆಯವರು ಬಗ್ಗಿ ನೋಡಿ, "ಸೆಲಿ! ಸೆಲಿ ಒಡದೈತಿ!" ಎಂದು ಕೂಗಿದರು. ತಿಳಿನೀರು ಬೊಗಸೆ ಬೊಗಸೆಯಾಗಿ ಉಕ್ಕತೊಡಗಿತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಅಲ್ಲಿಗೆ ಜಲಜಾಣ ಕಟ್ಟೆ ಬಿಟ್ಟು ಕದಲುವುದನ್ನೇ ಮರೆಯಿತು. ಕ್ಷಣ ಕ್ಷಣಕ್ಕೂ ಸೆಲೆಯಿಂದ ಹೊಸ ನೀರು ಬರುತ್ತದೆ, ಅದರ ಮೇಲಿನದು ಹಳೆಯದಾಗುತ್ತದೆ, ಇದು ಚೆಲ್ಲುತ್ತದೆ; ತುಂಬಿದ ಕೊಡ ಮೂಸಲು ಅದಕ್ಕೆ ಪುರುಸೊತ್ತೇ ಇಲ್ಲ. ನಾವು ಮಾಡಿದ್ದಿಷ್ಟೇ, ಅದು ಚೆಲ್ಲುವ ಕಡೆ ಕೊಡ ಇಟ್ಟೆವು. ಬೆಳಗಾಗುವಷ್ಟರಲ್ಲಿ ಓಣಿಯ ಕೊಡಗಳೆಲ್ಲ ಅದರ ಮುಂದೆ ಸಾಲು ನಿಂತಿದ್ದವು. ಮೊದಲ ಪಾಳಿ ನನ್ನದು. ಆ ವಿಷಯದಲ್ಲಿ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ.

ನೀರನ್ನು ಸೋಸಿ, ಕೊತಕೊತ ಕುದಿಸಿ ಅಡಿಗೆ ಮಾಡಿದೆ. ಮೇಷ್ಟ್ರುಗಳು ಹೊಟ್ಟೆ ತುಂಬ ಉಂಡರು. ಶಿಬಿರದ ಹಿರಿಯರು ಎರಡನೇ ಸಲ ಸಾರು ಹಾಕಿಸಿಕೊಂಡು, "ನಾಳೆಯಿಂದ ಎಲ್ಲಾ ಇಲ್ಲೇ ನೋಡ್ರಿ. ಅಂದ್ಹಂಗ, ಈ ನೀರು ಎಲ್ಲೀದ್ರಿ? ಭಾಳ ರುಚಿ ಐತಿ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ನಮ್ಮನ್ಯಾಗ ಹಳೇ ನೀರು ಬಳಸೂದಿಲ್ರಿ" ಎಂದರು.

ನಾನು ಆ ಹಿರಿಯರ ಎಲೆಗೆ ಇನ್ನೊಂದು ರೊಟ್ಟಿ ಹಾಕಿದೆ.