ತಂಗಿಯ ಕಿವಿಗೆ ಒಗ್ಗಿದ ಪದ

ಗಂಟಲು ಹಂಚುವ ಹೊತ್ತಿನಲ್ಲಿ ದೇವರು, ಇದು ಯಾರ ಮನೆಗೆ ಹೋಗುತ್ತಿದೆ ಎಂದು ಸ್ವಲ್ಪ ವಿಚಾರಿಸಬೇಕಿತ್ತು ಎಂಬುದು ನನ್ನ ಬಹುದಿನದ ತಕರಾರು. ನನಗೆ ಸಿಕ್ಕಿದ್ದು ಬಸ್ ಸ್ಟ್ಯಾಂಡಿಗೆ ಬೇಕಾದ ಗಂಟಲು. ನಿವೃತ್ತನಾಗುವವರೆಗೆ ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ‘ಚಿಕ್ಕೋಡಿ, ನಿಪ್ಪಾಣಿ’ ಎಂದು ಕೂಗಿದರೆ ಕ್ಯಾಂಟೀನಿನಲ್ಲಿ ಕುಳಿತವರು ಅರ್ಧ ಚಹಾ ಬಿಟ್ಟು ಓಡಿ ಬರುತ್ತಿದ್ದರು. ಅದೇ ಹೊಟ್ಟೆಯಲ್ಲಿ ನನ್ನ ಹಿಂದೆ ಹುಟ್ಟಿದ ತಂಗಿ ಗಂಗವ್ವನಿಗೆ ಸಿಕ್ಕಿದ್ದು ಇರುವೆ ನಡೆದರೂ ಕೇಳಿಸುವ ಕಿವಿ. ಕುಕ್ಕರ್ ಸೀಟಿ ಹೊಡೆದರೆ ನಡುಗುತ್ತಾಳೆ. ಟ್ಯೂಬ್‌ಲೈಟ್ ಗುಂಯ್‌ಗುಡುವುದು ನಮಗೆ ಗೊತ್ತೇ ಆಗುವುದಿಲ್ಲ, ಆಕೆಗೆ ತಲೆ ಸಿಡಿಯುತ್ತದೆ. ಹೊಸ ಸೀರೆ ಮೈಗೆ ಚುಚ್ಚುತ್ತದೆಂದು ನನ್ನ ಹೆಂಡತಿ ಕಮಲವ್ವ ತಾನು ಉಟ್ಟು ಮೆತ್ತಗೆ ಮಾಡಿ ಕೊಡುತ್ತಾಳೆ. ಈ ಸೇವೆಯನ್ನು ಆಕೆ ಬಹಳ ಸಂತೋಷದಿಂದಲೇ ಮಾಡುತ್ತಾಳೆನ್ನಿ. ಮಿರಜದ ಡಾಕ್ಟರೊಬ್ಬರು, “ಕೆಲವರ ಹುಟ್ಟೇ ಹೀಗೆ. ಸದ್ದು, ಬೆಳಕು ಅವರಿಗೆ ಹೆಚ್ಚು ತಾಗುತ್ತವೆ. ಮನೆಯವರು ಮೆತ್ತಗಿರಬೇಕು” ಎಂದರು. ಹಾಗೆನ್ನುವಾಗ ನನ್ನನ್ನೇ ನೋಡುತ್ತಿದ್ದರು. ಅಂದಿನಿಂದ ನನಗೆ ಸೀನು ಬಂದರೆ ಮೂಗು ಹಿಡಿದುಕೊಂಡು ದ್ರಾಕ್ಷಿ ತೋಟಕ್ಕೆ ಓಡುತ್ತೇನೆ. ಪಕ್ಕದ ತೋಟದ ಬಾಳಪ್ಪ, “ಏನ್ರಿ ಕಂಡಕ್ಟರ್ ಸಾಹೇಬ್ರ, ಹಕ್ಕಿ ಓಡಸಾಕತ್ತೀರೇನ?” ಎಂದು ಬೇಲಿಯಾಚೆಯಿಂದ ಕೇಳುತ್ತಾನೆ.

ಗಂಗವ್ವನಿಗೆ ಒಗ್ಗುತ್ತಿದ್ದ ಸದ್ದು ಒಂದೇ, ನಮ್ಮವ್ವ ಹಾಡುತ್ತಿದ್ದ ಕುರಿಯ ಪದ. ಅವ್ವನ ತವರು ಏಕಸಂಬಿ, ಕುರಿ ಕಾಯುವ ಮನೆತನ. ಮರಿ ಕಳೆದುಕೊಂಡ ಹುಡುಗಿಯೊಬ್ಬಳು ಊರೂರು ತಿರುಗಿ ಕೇಳುವುದೇ ಆ ಪದದ ಕಥೆ. ‘ನನ್ನ ಮರಿ ಕಂಡೀರೇನ, ಕೊರಳಾಗ ಕರಿದಾರ’ ಎಂಬ ಅದೇ ಸಾಲು, ಅದೇ ಧಾಟಿ; ಬದಲಾಗುವುದು ಊರಿನ ಹೆಸರು ಮಾತ್ರ. ಒಣದ್ರಾಕ್ಷಿಯ ಕಡ್ಡಿ ಆರಿಸುತ್ತ ಅವ್ವ ಅದನ್ನು ಗೊಣಗಿದಂತೆ ಹಾಡುವಳು. ನನಗಂತೂ ಕೇಳಿ ಕೇಳಿ ಬೇಸರ ಬಂದಿತ್ತು. ಆದರೆ ಮುಂದೆ ಏನು ಬರುತ್ತದೆಂದು ಗೊತ್ತಿರುವುದೇ ಗಂಗವ್ವನಿಗೆ ಸುಖ. ಎಲ್ಲಿಯೂ ಒಮ್ಮೆಲೇ ಏರುವುದಿಲ್ಲ, ಬೆಚ್ಚಿ ಬೀಳಿಸುವುದಿಲ್ಲ. ನಾಲ್ಕಾರು ಊರು ದಾಟುವಷ್ಟರಲ್ಲಿ ಆಕೆಯ ಬಿಗಿದ ಹೆಗಲು ಸಡಿಲಾಗಿ, ರೊಟ್ಟಿಗೆ ಕೈ ಚಾಚುತ್ತಿದ್ದಳು. ಅಲ್ಲಿಗೆ ಪದ ನಿಲ್ಲುತ್ತಿತ್ತು. “ಕಡೀಕ ಮರಿ ಸಿಗತೈತೋ ಇಲ್ಲೋ, ಯವ್ವಾ?” ಎಂದು ನಾನೊಮ್ಮೆ ಕೇಳಿದ್ದೆ. “ಸಿಕ್ಕರ ಪದಾ ಮುಗೀತೈತಲ್ಲೋ. ಸುಮ್ನ ಕೂಡು” ಎಂದು ಗದರಿದ್ದಳು.

ಅವ್ವ ಹೋದ ವರ್ಷ ತೀರಿಕೊಂಡಳು. ಗಂಗವ್ವ ಅಳಲಿಲ್ಲ, ಆದರೆ ಊಟ ಅರ್ಧಕ್ಕಿಳಿಯಿತು. ಅವ್ವನ ವರ್ಷದ ದಿನಕ್ಕೆ ಏಕಸಂಬಿಯಿಂದ ಸೋದರಮಾವ ಸಿದ್ದಪ್ಪ ಬಂದ. ಜೊತೆಗೆ ಡೊಳ್ಳಿನವರು, ಮೈಕು, ಎರಡು ದೊಡ್ಡ ಸ್ಪೀಕರು. ಕಮಲವ್ವ ಗಾಬರಿಯಾಗಿ, “ಮಾವಾರ, ಡೊಳ್ಳ ಬ್ಯಾಡ್ರಿ, ಗಂಗವ್ವಗ ತಡ್ಯಾಂಗಿಲ್ಲ” ಎಂದಳು. ಮಾವ ಕೇಳಲಿಲ್ಲ. “ತವರಮನ್ಯಾವ್ರು ಡೊಳ್ಳ ಬಾರಸದ ಹೊಳ್ಳಿ ಹ್ವಾದ್ರ ನಾಕ ಮಂದಿ ಏನಂದಾರು? ಅಕ್ಕನ ಪದಾನ ಹಾಡತೇವಿ. ಹುಡುಗಿ ಖುಷಿ ಆಗತಾಳ.” ಹುಡುಗಿಗೆ ಐವತ್ತು ದಾಟಿದೆ. ಆದರೂ ಅವ್ವನ ಪದ ಎಂದಮೇಲೆ ನಡೆದೀತು ಎಂದು ನನಗೂ ಅನಿಸಿತು. ಡೊಳ್ಳಿಗೆ ಮೊದಲ ಪೆಟ್ಟು ಬಿದ್ದದ್ದೇ ತಡ, ಗಂಗವ್ವ ಎರಡೂ ಕಿವಿ ಮುಚ್ಚಿಕೊಂಡು ಓಡಿಹೋಗಿ ಒಣದ್ರಾಕ್ಷಿಯ ಶೆಡ್ಡಿನೊಳಗೆ ಅಗಳಿ ಹಾಕಿಕೊಂಡಳು. ಮಾವ ಅಲ್ಲಿಯೇ ಡೊಳ್ಳು ಇಳಿಸಿದ. ಮಧ್ಯಾಹ್ನವಾದರೂ ಬಾಗಿಲು ತೆರೆಯಲಿಲ್ಲ, ನೀರೂ ಬೇಡವೆಂದಳು. ಬಂದ ನೆಂಟರು ಆಕೆಯನ್ನು ಎಲ್ಲಿಯಾದರೂ ಆಶ್ರಮಕ್ಕೆ ಬಿಡುವ ಮಾತು ತೆಗೆದರು. “ನಮ್ಮಕ್ಕನ ಪದಾ ನಾವ ಹಾಳ ಮಾಡಿದ್ವಲ್ಲೋ” ಎಂದು ಮಾವ ಕಣ್ಣೊರೆಸಿಕೊಂಡ.

“ನೀವ ಹೋಗಿ ಹಾಡ್ರಿ” ಎಂದಳು ಕಮಲವ್ವ ನನಗೆ.

“ನಾನ?”

“ಮತ್ಯಾರ? ಅತ್ತಿ ಹಾಡೂದನ್ನ ಹುಟ್ಟಿದಾಗಿಂದ ಕೇಳಿದವ್ರು ನೀವ. ಬಸ್ಸಿನ್ಯಾಗ ಕೂಗಿದಂಗ ಕೂಗಬ್ಯಾಡ್ರಿ ಅಷ್ಟ.”

ಶೆಡ್ಡಿನ ಹೊರಗೆ ನೆಲದ ಮೇಲೆ ಕುಳಿತು ಬಾಗಿಲ ಸಂದಿಗೆ ಬಾಯಿಟ್ಟು, ಜೀವಮಾನದಲ್ಲಿ ಮೊದಲ ಸಲ ಅರ್ಧ ಗಂಟಲಿನಲ್ಲಿ ಶುರುಮಾಡಿದೆ. ನನಗೇ ನಾಚಿಕೆಯಾಗುವಂತಿತ್ತು. ಏಕಸಂಬಿ ಹೇಗೋ ದಾಟಿತು. ಮುಂದೆ ನಾಲಿಗೆ ರೂಢಿಯ ದಾರಿ ಹಿಡಿಯಿತು: ಚಿಕ್ಕೋಡಿ, ಅಂಕಲಿ, ಮಾಂಜರಿ. ನೀರು ಬೇಡವೆಂದ ಮೇಲೆ ಒಳಗಿನಿಂದ ಮೊದಲ ಮಾತು ಬಂತು.

“ಅಣ್ಣಾ, ಮರಿ ಬಸ್ ಹತ್ತಿಲ್ಲ.”

“ಹಂಗಾರ ಏಕಸಂಬಿ ಆದ ಮ್ಯಾಗ ಯಾವ ಊರವಾ?”

“ಯಡೂರ. ಆಮ್ಯಾಲ ಅಂಕಲಿ.”

ತಿದ್ದಿಕೊಂಡು ಮತ್ತೆ ಮೊದಲಿನಿಂದ ಹಾಡಿದೆ. ಯಡೂರು ಆಯಿತು, ಅಂಕಲಿ ಆಯಿತು. ಐನಾಪುರ ಬಂತು, ನಮ್ಮದೇ ಊರು. ಇಲ್ಲಿಗೆ ಬಂದಾಗ ಅವ್ವ ಕಡ್ಡಿ ಆರಿಸುವುದನ್ನು ಬಿಟ್ಟು ನಮ್ಮಿಬ್ಬರನ್ನೂ ನೋಡಿ ನಗುತ್ತಿದ್ದಳು. ‘ಐನಾಪುರದವ್ರ, ಕಂಡೀರೇನ’ ಎಂದೆ, ಮುಂದಿನದು ಬರಲಿಲ್ಲ. ನಾನು ಕೇಳುತ್ತಿದ್ದುದು ಮರಿಯನ್ನಲ್ಲ. ಒಂದು ವರ್ಷ ಗಂಡಸುತನದಿಂದ ಒಳಗಿಟ್ಟುಕೊಂಡಿದ್ದ ದುಃಖವೆಲ್ಲ ಒಮ್ಮೆಲೇ ಹೊರಬಿತ್ತು. ಅದೂ ನನ್ನ ಅಸಲು ಗಂಟಲಿನಲ್ಲಿ! ನಾಯಿ ಬೊಗಳಿತು, ಮಾವ ಓಡಿಬಂದ, ನೆಂಟರು ಎದ್ದು ನಿಂತರು.

ಅಗಳಿ ತೆಗೆದ ಸದ್ದಾಯಿತು. ಗಂಗವ್ವ ಒಂದು ಕಿವಿ ಮುಚ್ಚಿಕೊಂಡು ಹೊರಗೆ ಬಂದು, ನನ್ನಿಂದ ಒಂದು ಮೊಳ ದೂರ ಕುಳಿತಳು.

“ಅಣ್ಣಾ, ಸಣ್ಣಗ ಅಳು. ಕಿವಿಗೆ ಹತ್ತತೈತಿ.”

ನಾನು ಟವೆಲನ್ನು ಬಾಯಿಗೆ ತುರುಕಿಕೊಂಡೆ. ಎಂದೂ ಬಾಯಿಬಿಟ್ಟು ಹಾಡದ ನನ್ನ ತಂಗಿ, ನಾನು ಬಿಟ್ಟಲ್ಲಿಂದ ಎತ್ತಿಕೊಂಡು, ನಾನು ಸುಮ್ಮನಾಗುವವರೆಗೆ ಅವ್ವನ ಧಾಟಿಯಲ್ಲಿಯೇ ಊರೂರು ತಿರುಗಿದಳು. ಆಮೇಲೆ ರೊಟ್ಟಿ ಕೇಳಿದಳು. ಆಶ್ರಮದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಈಗ ಊಟದ ಹೊತ್ತಿಗೆ ಆಕೆಯೇ ಹಾಡುತ್ತಾಳೆ. ಅಂಕಲಿ ಮುಗಿದೊಡನೆ ಹಾಡು ನಿಲ್ಲಿಸಿ, ನನ್ನ ಕಡೆ ನೋಡದೆಯೇ, “ಅಣ್ಣಾ, ಐನಾಪುರ ಬಂತು, ಹೊರಗ ಹೋಗಿ ಬಾ” ಎನ್ನುತ್ತಾಳೆ. ನಾನು ಮೂಗು ಹಿಡಿದುಕೊಂಡು ದ್ರಾಕ್ಷಿ ತೋಟಕ್ಕೆ ಓಡುತ್ತೇನೆ. “ಭಾಳ ದಿವಸ ಆತ್ರಿ ನಿಮ್ಮ ನೆಗಡಿ, ಡಾಕ್ಟರಿಗೆ ತೋರಸ್ರಿ” ಎನ್ನುತ್ತಾನೆ ಬಾಳಪ್ಪ. ಹೌದ್ರಿ, ತೋರಸಬೇಕು ಎಂದು ಮುಖ ಒರೆಸಿಕೊಂಡು ಒಳಗೆ ಬರುತ್ತೇನೆ.