ಇತ್ತೆ ಬರ್ಪೆ

ಟಿಣ್. ಕೋಪರಿಯ ಮನೆಯಿಂದ ಹೊರಟು ವಾಶಿಯ ಲೋಕಲ್ ರೈಲು ಹತ್ತಿದ್ದ ಜಯಲತಾಳ ಫೋನು ಸಣ್ಣಗೆ ಸದ್ದು ಮಾಡಿತು. ಆಫೀಸಿನ ಮುಖ್ಯ ಡೇಟಾಬೇಸಿನ ಡಿಸ್ಕು ನೂರಕ್ಕೆ ತೊಂಬತ್ತೆರಡು ಭರ್ತಿ. ಪೂರ್ತಿ ತುಂಬಿದರೆ ಮಾರ್ಕೆಟ್ಟಿನ ಈರುಳ್ಳಿ, ಟೊಮೆಟೊ ಆರ್ಡರುಗಳೆಲ್ಲ ನಿಂತುಹೋಗುತ್ತವೆ.

ಆಫೀಸಿಗೆ ಕಾಲಿಡುವಷ್ಟರಲ್ಲಿ ತೊಂಬತ್ತೈದು. ಸಹೋದ್ಯೋಗಿ ಹಯಗ್ರೀವ ಮದುವೆ ಪಂಕ್ತಿಯಲ್ಲಿ ಬಡಿಸುವವನಂತೆ ಓಡಾಡುತ್ತಿದ್ದ.

"ಲಾಗ್ ಫೈಲುಗಳೇ ರಾಶಿ ಬಿದ್ದಿವೆ ಮೇಡಂ. ಎಲ್ಲಾ ಡಿಲೀಟ್ ಮಾಡ್ಬಿಡ್ಲಾ?"

"ಕೈ ಕಟ್ಟಿ ಕೂತ್ಕೊಳ್ಳಿ ಮಾರಾಯ್ರೆ! ಅದನ್ನು ಅಳಿಸಿದ್ರೆ ಡೇಟಾಬೇಸ್ ಮತ್ತೆ ಏಳ್ಲಿಕ್ಕಿಲ್ಲ."

ಅವಳಿಗೆ ಕಾರಣ ಆಗಲೇ ಹೊಳೆದಿತ್ತು. ಇನ್ನೊಂದು ಡೇಟಾಬೇಸು, ಲಾಗಿನಲ್ಲಿ ದಾಖಲಾಗುವ ಇಲ್ಲಿನ ಬದಲಾವಣೆಗಳನ್ನು ಓದಿ ನಕಲು ಮಾಡಿಕೊಳ್ಳಬೇಕಾದರೆ ಅದಕ್ಕೊಂದು ಸ್ಲಾಟ್ ಇಡಬೇಕು. 'ನಾನು ಓದುವ ತನಕ ಲಾಗ್ ಎಸೆಯಬೇಡಿ' ಎಂಬ ಚೀಟಿ ಅದು. ಓದುವವರು ಬಾರದಿದ್ದರೆ ಡೇಟಾಬೇಸು, ಊಟಕ್ಕೆ ಬಾರದ ಅಳಿಯನಿಗೆ ಎಲೆ ಹಾಕಿ ಕಾದಂತೆ, ಲಾಗ್ ಕೂಡಿಡುತ್ತಲೇ ಇರುತ್ತದೆ.

"ಯಾರೋ ಸ್ಲಾಟ್ ಮಾಡಿ ಮರ್ತಿದ್ದಾರೆ. ಯಾರೇ ಆಗ್ಲಿ, ಹತ್ತು ದಿನ ನೈಟ್ ಡ್ಯೂಟಿ ಹಾಕ್ಬೇಕು ಸರ್!" ಎಂದಳು.

"ಬರೋಬರ್, ಹಾಕೋಣ!" ಎಂದರು ಅಷ್ಟರಲ್ಲಿ ಬಂದಿದ್ದ ಬಾಸ್ ರಂಜನ್.

ಪಟ್ಟಿ ತೆರೆದಳು. ಎರಡು ಸ್ಲಾಟು. ಕಳಂಬೋಲಿ ಶಾಖೆಯದು ಚುರುಕಾಗಿ ಓದುತ್ತಿತ್ತು. ಇನ್ನೊಂದು ಮೂರು ವಾರದಿಂದ ಕದಲಿರಲಿಲ್ಲ. ಹೆಸರು, 'ಇತ್ತೆ ಬರ್ಪೆ'.

ಜಯಲತಾ ಪರದೆಯನ್ನು ತುಸು ತನ್ನ ಕಡೆಗೇ ತಿರುಗಿಸಿಕೊಂಡಳು. 'ಈಗ ಬರ್ತೇನೆ' ಎಂಬುದಕ್ಕೆ ಅವಳ ಮನೆಯ ತುಳು. ಪರೀಕ್ಷೆಗೆಂದು ಸ್ಲಾಟ್ ಮಾಡಿ, ತಮಾಷೆಗೆ ಆ ಹೆಸರಿಟ್ಟು, ಚಹಾ ಕುಡಿಯಲು ಹೋದವಳು ಅವಳೇ.

"ಎರಡೂ ತೆಗೆದು ಬಿಸಾಕಿ ಮೇಡಂ," ಎಂದ ಹಯಗ್ರೀವ.

"ಕಳಂಬೋಲಿಯದ್ದು ತೆಗೆದ್ರೆ ಅವರಿಗೆ ಮೊದಲಿಂದ ಎಲ್ಲ ನಕಲು ಮಾಡ್ಬೇಕಾಗ್ತದೆ," ಎಂದವಳೇ, ಇನ್ನೊಂದನ್ನು ಓದುವ ಡೇಟಾಬೇಸು ಯಾವುದೂ ಇಲ್ಲವೆಂದು ಎರಡು ಸಲ ನೋಡಿ, ತನ್ನ ಸ್ಲಾಟನ್ನಷ್ಟೇ ತೆಗೆದಳು. ಡಿಸ್ಕು ನಲವತ್ತಕ್ಕೆ ಇಳಿಯಿತು.

ಹಿಂದಿನಿಂದ ಇಣುಕುತ್ತಿದ್ದ ಕಿರಿಯ ಸಹೋದ್ಯೋಗಿ ಸೋನಾಲಿ, ಡೊಂಬಿವಲಿಯಲ್ಲೇ ಹುಟ್ಟಿದವಳು, ಕೇಳಿದಳು: "ದೀದಿ, ಈ ನಾಮ್ ಯಾವ ಭಾಷಾ?"

"ತೆಲುಗು ಇರ್ಬೇಕು."

"ನಂಗೆ ತೆಲುಗು ಬರತ್ತೆ, ಇದಲ್ಲ," ಎಂದ ಹಯಗ್ರೀವ.

"ಹಾಗಾದ್ರೆ ಹಳೇ ತೆಲುಗು."

ಸಂಜೆ ಲಿಫ್ಟಿನಲ್ಲಿ ಇಬ್ಬರೇ, ಅವಳು ಮತ್ತು ಸೋನಾಲಿ. ಅಮ್ಮನ ಫೋನು ಬಂತು.

"ಇತ್ತೆ ಬರ್ಪೆ ಅಮ್ಮಾ," ಎಂದುಬಿಟ್ಟಳು.

ಸೋನಾಲಿಯ ಹುಬ್ಬು ಮೇಲೇರಿತು. "ದೀದಿ, ಹಳೇ ತೆಲುಗು ಏಕ್‌ದಮ್ ಮಸ್ತ್ ಮಾತಾಡ್ತೀರಾ!"

"ಸೋನಾಲಿ..."

"ಟೆನ್ಶನ್ ಮತ್ ಲೋ. ನಾನು ಯಾರಿಗೂ ಹೇಳಲ್ಲ. ಬಸ್, ನಾಳೆಯಿಂದ ನನ್ನ ಹತ್ತು ನೈಟ್ ಡ್ಯೂಟಿ ನೀವು ಮಾಡಿ."

ಲಿಫ್ಟು ಕೆಳಗೆ ಮುಟ್ಟುವಷ್ಟರಲ್ಲಿ ಜಯಲತಾ ಒಪ್ಪಿದ್ದಳು. ಹತ್ತು ರಾತ್ರಿ ಮನೆಗೆ ಯಾಕೆ ಬರುವುದಿಲ್ಲವೆಂದು ಅಮ್ಮನಿಗೂ ಹೇಳಬಾರದೆಂದು ನಿರ್ಧರಿಸಿದಳು.