ಗೆರೆ ನೆಟ್ಟಗೆ ಎಳೆಯಲು ಬಾರದ ಆರ್ಟ್ ಪ್ರೊಫೆಸರ್

ನಮ್ಮ ಚಿಕ್ಕಮ್ಮನ ಕೈಗೆ ಪೆನ್ಸಿಲ್ ಕೊಟ್ಟು ಒಂದು ಆನೆ ಬರಿ ಅನ್ನಿ. ಬರೆದು ಮುಗಿಸಿದ ಮೇಲೆ ಸೊಂಡಿಲು ಯಾವುದು, ಬಾಲ ಯಾವುದು ಅಂತ ಅವಳೇ ಬಾಣದ ಗುರುತು ಹಾಕಿ ತೋರಿಸಬೇಕು. ಇಂಥವಳು ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿ ಆರ್ಟ್ ಪ್ರೊಫೆಸರ್! ನಂಬ್ತೀರಾ? ಬಸವನಗುಡಿಯ ನಮ್ಮ ರಸ್ತೆಯವರಂತೂ ಇವತ್ತಿನವರೆಗೂ ನಂಬಿಲ್ಲ.

"ನಾನು ಚಿತ್ರ ಬರೆಯೋಳಲ್ಲ ಕಣ್ರೀ. ಬೇರೆಯವರು ಬರೆದಿದ್ದನ್ನ, ಕೆತ್ತಿದ್ದನ್ನ ನೋಡಿ ಪಾಠ ಹೇಳೋಳು. ಕಲಾ ಇತಿಹಾಸ, ಇತಿಹಾಸ!" ಅಂತ ಅವಳು ಎಷ್ಟು ಗಂಟಲು ಹರ್ಕೊಂಡರೂ ಯಾರು ಕೇಳ್ತಾರೆ? ಪಕ್ಕದ ಮನೆಯಾಕೆ ಮಗಳ ಸೈನ್ಸ್ ರೆಕಾರ್ಡ್ ಹಿಡ್ಕೊಂಡು ಬಂದೇಬಿಟ್ಟರು. "ಮೇಡಂ, ಒಂದು ದಾಸವಾಳ ಬರೆದುಕೊಡಿ. ನಿಮಗೇನು, ಎರಡು ನಿಮಿಷದ ಕೆಲಸ." ದಾಕ್ಷಿಣ್ಯಕ್ಕೆ ಸಿಕ್ಕಿ ಚಿಕ್ಕಮ್ಮ ಬರೆದುಕೊಟ್ಟಳು. ಮಾರನೆಯ ದಿನ ಆ ಹುಡುಗಿ ಮೂತಿ ಊದಿಸಿಕೊಂಡು ವಾಪಸ್ ಬಂತು. ಟೀಚರ್ ಕೆಂಪು ಇಂಕಿನಲ್ಲಿ "ಜೀರ್ಣಾಂಗಗಳ ಪಾಠ ಇನ್ನೂ ಶುರು ಮಾಡಿಲ್ಲ" ಅಂತ ಬರೆದಿದ್ದರು!

ಅವಳ ವೃತ್ತಿಜೀವನ ಶುರುವಾಗಿದ್ದೂ ಹೀಗೇ ಅಂತೆ. ಕೆಲಸಕ್ಕೆ ಸೇರಿದ ದಿನ ಆಗಿನ ಪ್ರಿನ್ಸಿಪಾಲರು "ಬನ್ನಿ ಬನ್ನಿ, ಆರ್ಟ್‌ನವರು ಬಂದಿದ್ದು ಒಳ್ಳೇದಾಯ್ತು" ಅಂತ ಖುಷಿಯಾಗಿ ಕೈಗೆ ಬ್ರಷ್ಷು, ಪೇಂಟ್ ಡಬ್ಬ ಕೊಟ್ಟು, ಕಾಂಪೌಂಡ್ ಗೋಡೆ ಮೇಲೆ "ಇಲ್ಲಿ ಉಗುಳಬಾರದು" ಅಂತ ಬರೆಯಲು ಹೇಳಿದರು. ಹೊಸ ಕೆಲಸ, ಇಲ್ಲ ಅನ್ನೋಕಾಗುತ್ತಾ? ಬರೆದಳು. ಒಂದಕ್ಷರವೂ ಯಾರಿಗೂ ಓದೋಕಾಗಲಿಲ್ಲ. ಆದರೂ ಉಗುಳುವುದು ನಿಂತುಹೋಯಿತು. ಯಾರೋ ಮಾಟದ ಮಂತ್ರ ಬರೆದಿದ್ದಾರೆ ಅಂತ ಜನ ಆ ಗೋಡೆ ಕಡೆ ತಲೆ ಹಾಕುವುದನ್ನೇ ಬಿಟ್ಟರಂತೆ.

ಇನ್ನು ಅವಳ ಮದುವೆ. ಹುಡುಗನ ಮನೆ ನೋಡಲು ಹಿರಿಯರು ಹೋಗಿಬರುವುದು ನಮ್ಮಲ್ಲಿ ವಾಡಿಕೆ. ಇವಳು "ನಾನೂ ಬರ್ತೀನಿ" ಅಂತ ಹೊರಟಳು. ಹಳೇ ಕಾಲದ ತೊಟ್ಟಿ ಮನೆ. ಹುಡುಗ ನಡುಮನೆಯ ಮರದ ಕಂಬಕ್ಕೆ ಒರಗಿ ಕೂತಿದ್ದ. ನಮ್ಮ ಚಿಕ್ಕಮ್ಮ ಆ ಕಡೆ ದೃಷ್ಟಿ ನೆಟ್ಟವಳು ಕೊಟ್ಟ ಕಾಫಿ ಆರಿದರೂ ಕಣ್ಣು ಕದಲಿಸಲಿಲ್ಲ. ಹುಡುಗ ಕಿವಿತನಕ ಕೆಂಪಾದ. "ಒಪ್ಪಿಗೆ" ಅಂತ ಇಬ್ಬರೂ ಒಟ್ಟಿಗೇ ಅಂದರು.

ಚಿಕ್ಕಪ್ಪ ಈಗಲೂ ಹೇಳ್ತಾರೆ, "ನನ್ನ ನೋಡಿ ಒಪ್ಪಿದಳು ಅಂತ ನಾನು ಎಷ್ಟು ಉಬ್ಬಿದ್ದೆ! ಕಂಬ ನೋಡಿ ಒಪ್ಪಿದಾಳೆ ಅಂತ ಮದುವೆಯಾದ ಮೇಲೆ ಗೊತ್ತಾಯ್ತು."

ಆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದಾಗ ದಾಯಾದಿಗಳೆಲ್ಲ ದೊಡ್ಡ ಫ್ಲಾಟಿಗೆ ಕಿತ್ತಾಡುತ್ತಿದ್ದರೆ, ಚಿಕ್ಕಮ್ಮ "ನಂಗೆ ಕಂಬ ಕೊಡಿ" ಅಂದಳು. ಈಗ ಅದು ಅವರ ಹಾಲ್‌ನ ನಡುಮಧ್ಯೆ, ಏನನ್ನೂ ಹೊರದೆ, ಸುಮ್ಮನೆ ನಿಂತಿದೆ. ಚಿಕ್ಕಪ್ಪ ಸೋಫಾದಲ್ಲಿ ಕೂತು ಕ್ರಿಕೆಟ್ ನೋಡಿದರೆ ಬೌಲರ್ ಕಾಣ್ತಾನೆ, ಬ್ಯಾಟ್ಸ್‌ಮನ್ ಕಂಬದ ಹಿಂದೆ. ಸಿಕ್ಸರೋ ಔಟೋ ಅನ್ನೋದನ್ನ ಪಕ್ಕದ ಮನೆಯವರ ಕಿರುಚಾಟದಿಂದ ತಿಳ್ಕೋಬೇಕು, ಪಾಪ.

ಇಂಥವಳ ಜೊತೆ ದೇವಸ್ಥಾನಕ್ಕೆ ಹೋಗುವ ಕರ್ಮ ಮಾತ್ರ ಯಾರಿಗೂ ಬೇಡ. ಒಂದು ಸಲ ಅಮ್ಮ, ಅಂದರೆ ಅವಳ ಅಕ್ಕ, ಹರಕೆ ಪೂಜೆಗೆ ಕರ್ಕೊಂಡು ಹೋಗಿದ್ದಳು. ಅರ್ಚಕರು ಮಂಗಳಾರತಿ ಎತ್ತಿದ್ದಾರೆ, ಗಂಟೆ ಮೊಳಗ್ತಿದೆ, ಎಲ್ಲರೂ ಕಣ್ಮುಚ್ಚಿ ಕೈ ಮುಗಿದಿದ್ದಾರೆ. ಚಿಕ್ಕಮ್ಮ ದೇವರಿಗೆ ಬೆನ್ನು ತಿರುಗಿಸಿ, ಕತ್ತು ಎತ್ತಿ, ಬಾಗಿಲವಾಡದ ಮೇಲಿನ ಕೆತ್ತನೆ ನೋಡ್ತಿದಾಳೆ!

"ಅಮ್ಮಾ, ಸ್ವಾಮಿ ಈ ಕಡೆ ಇದಾನೆ" ಅಂದರು ಅರ್ಚಕರು.

"ಗೊತ್ತು ಸ್ವಾಮಿ. ಅವನು ಎಲ್ಲಿಗೂ ಹೋಗಲ್ಲ. ಕೆತ್ತನೆ ಮೇಲೆ ಬಿದ್ದಿರೋ ಈ ಬಿಸಿಲು ಹೋಗ್ಬಿಡುತ್ತೆ."

ಅಮ್ಮನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ದಾರಿಯುದ್ದಕ್ಕೂ ಬೈದಳು. "ಕಲ್ಲು ನೋಡೋಕೆ ಇವಳಿಗೆ ಸಂಬಳ ಬೇರೆ ಕೊಡ್ತಾರೆ!" ಅನ್ನೋದು ಅಮ್ಮನ ಖಾಯಂ ಡೈಲಾಗು. ಹಬ್ಬ ಬರಲಿ, ನಾಮಕರಣ ಬರಲಿ, ತಂಗಿಯನ್ನು ಆಡಿಕೊಳ್ಳದೆ ಅಮ್ಮನಿಗೆ ಊಟ ಸೇರುತ್ತಿರಲಿಲ್ಲ. ಅಮ್ಮ ಪಿಯುಸಿ ಪಾಸಾದ ಕೂಡಲೇ ತಾತ ಮದುವೆ ಮಾಡಿ ಕಳಿಸಿದ್ದರು. ಚಿಕ್ಕಮ್ಮನ ಸರದಿ ಬರುವ ಹೊತ್ತಿಗೆ ತಾತ ಮೆತ್ತಗಾಗಿದ್ದರು, ಕೇಳಿದಷ್ಟು ಓದಿಸಿದರು. ಈ ವಿಷಯ ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಹೋದ ವರ್ಷ ಚಿಕ್ಕಮ್ಮನ ಬುಡಕ್ಕೇ ಬಂತು. ಹೊಸ ಪ್ರಿನ್ಸಿಪಾಲರು ಕರೆದು, "ಮೇಡಂ, ನಿಮ್ಮ ಡಿಪ್ಲೊಮಾಗೆ ಈ ವರ್ಷ ಹತ್ತು ಜನ ಸೇರಿದರೆ ಸರಿ. ಒಬ್ಬರು ಕಮ್ಮಿಯಾದರೂ ಮುಚ್ಚಿಬಿಡ್ತೀವಿ. ಆ ರೂಮಿಗೆ ಕಂಪ್ಯೂಟರ್ ಲ್ಯಾಬ್ ಬರುತ್ತೆ. ನೀವು ರಿಟೈರ್ ಆಗೋವರೆಗೂ ಲೈಬ್ರರಿ ನೋಡ್ಕೊಂಡು ಆರಾಮಾಗಿರಿ" ಅಂದರು.

ಅದು ಕಲಾ ಇತಿಹಾಸದ ಒಂದು ವರ್ಷದ ಸಂಜೆ ಕೋರ್ಸು. ಪಿಯುಸಿ ಆಗಿದ್ದರೆ ಯಾವ ವಯಸ್ಸಿನವರು ಬೇಕಾದರೂ ಸೇರಬಹುದು. ಅವಳೇ ಓಡಾಡಿ ಶುರು ಮಾಡಿಸಿದ್ದು. ಅವತ್ತು ನಮ್ಮ ಮನೆಗೆ ಬಂದು ಅಮ್ಮನೆದುರು ಕೂತವಳು, "ನನ್ನ ಕೆಲಸಕ್ಕೇನೂ ತೊಂದರೆ ಇಲ್ಲ ಕಣೇ. ಆದರೆ ಒಂದು ಸಲ ಮುಚ್ಚಿದರೆ ಮತ್ತೆ ಯಾರೂ ತೆಗೆಯಲ್ಲ. ನಾನು ಇಷ್ಟು ವರ್ಷ ಮಾಡಿದ್ದು ನನ್ನ ಜೊತೆಗೇ ಮುಗಿದುಹೋಗುತ್ತೆ" ಅಂದಳು. ಅವಳು ಹಾಗೆ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಸಂಕಟವಾಯಿತು.

ಆದರೆ ಸುಮ್ಮನೆ ಕೂರುವ ಜಾತಿಯೇ ಅವಳು? ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಮಾಡುವವರನ್ನೆಲ್ಲ ಅಡ್ಡಹಾಕಿ, "ಬನ್ನಿ, ನಿಮ್ಮ ಬಸವನಗುಡಿಯನ್ನ ನಿಮಗೇ ತೋರಿಸ್ತೀನಿ" ಅಂತ ಹೊರಡಿಸಿದಳು. ದೊಡ್ಡ ಬಸವಣ್ಣನ ಕೊರಳ ಸರದಿಂದ ಶುರು ಮಾಡಿ, ಹಳೇ ಮನೆಗಳ ಗಾರೆ ಹೂವು, ಕಿಟಕಿಯ ಕಂಬಿ, ಜಗಲಿ ಎಲ್ಲ ತೋರಿಸಿ ಗಾಂಧಿ ಬಜಾರಿಗೆ ತಂದು ಮುಟ್ಟಿಸಿದಳು. ಹಿಂತಿರುಗಿ ನೋಡಿದರೆ ಒಬ್ಬರೂ ಇಲ್ಲ! ಎಲ್ಲರೂ ಮಸಾಲೆ ದೋಸೆಗೆ ಕ್ಯೂ ನಿಂತಿದ್ದಾರೆ. ಒಬ್ಬ ಯಜಮಾನರು ಬಾಯಿ ಒರೆಸಿಕೊಂಡು ಬಂದು, "ಬಹಳ ಚೆನ್ನಾಗಿತ್ತು ಮೇಡಂ! ಮುಂದಿನ ವಾರ ಯಾವ ಹೋಟೆಲ್ ಕಡೆ?" ಅಂದರು.

ಚಿಕ್ಕಮ್ಮ ಬಿಡಲಿಲ್ಲ. ಮುಂದಿನ ವಾರ ದೋಸೆಯನ್ನೇ ಕೊನೆಯ ಪಾಠ ಮಾಡಿಕೊಂಡು, ಬೆಣ್ಣೆ ಕರಗುವುದರೊಳಗೆ ಫಾರ್ಮ್ ಹಂಚಿದಳು! ಒಬ್ಬ ರಿಟೈರ್ಡ್ ಬ್ಯಾಂಕ್ ಆಫೀಸರು ಸೇರಿದರು. ಹೂವಿನ ಅಂಗಡಿಯವರ ಮಗಳು ಸೇರಿದಳು. ಹನುಮಂತನಗರದಿಂದ ಅತ್ತೆ ಸೊಸೆ ಜೋಡಿಯಾಗಿ ಬಂದು ಸೇರಿದರು, ಮನೆಯಲ್ಲಿ ಜಗಳ ಕಮ್ಮಿಯಾಗಲಿ ಅಂತ. ಹಾಗೂ ಹೀಗೂ ಒಂಬತ್ತಾಯಿತು. ಆಮೇಲೆ ಏನು ಮಾಡಿದರೂ ಕದಲಲಿಲ್ಲ.

"ನಾನು ಸೇರ್ತೀನಿ ಬಿಡೆ" ಅಂದರು ಚಿಕ್ಕಪ್ಪ. ನಾನೂ ಸೇರ್ತೀನಿ ಅಂದೆ. ಚಿಕ್ಕಮ್ಮ ಇಬ್ಬರಿಗೂ ಉಗಿದಳು. "ಅಯ್ಯೋ ಪಾಪ ಅಂತ ನೆಂಟರು ಬಂದು ತುಂಬಿಸೋಕೆ ಇದೇನು ನಮ್ಮನೆ ಅರಿಶಿನ ಕುಂಕುಮನಾ? ಬೇಕು ಅನ್ನೋರು ಬರಲಿ. ಇಲ್ಲಾಂದ್ರೆ ಮುಚ್ಚಲಿ."

ಸೇರಲು ಕೊನೆಯ ದಿನ ಮಧ್ಯಾಹ್ನ ಅಮ್ಮ ಇಸ್ತ್ರಿ ಸೀರೆ ಉಟ್ಟು, "ಸ್ಕೂಟರ್ ತೆಗಿ. ಚಾಮರಾಜಪೇಟೆಗೆ ಬಿಡು" ಅಂದಳು. ಯಾಕೆ ಅಂತ ಕೇಳಿದರೆ "ಬಿಡು ಅಂದ್ರೆ ಬಿಡು" ಅಂತ ಗದರಿದಳು.

ಚಿಕ್ಕಮ್ಮ ಖಾಲಿ ರೂಮಿನಲ್ಲಿ ಒಬ್ಬಳೇ ಕೂತಿದ್ದಳು. ಅಮ್ಮ ಸೀದಾ ಹೋಗಿ ಎದುರು ಕುರ್ಚಿಯಲ್ಲಿ ಕೂತು, "ಪಿಯುಸಿ ಆಗಿದೆ. ಸಾಕಲ್ವಾ?" ಅಂದಳು.

ಚಿಕ್ಕಮ್ಮನ ಮುಖ ಗಂಟಾಯಿತು. "ಅಕ್ಕ, ಕನಿಕರ ತೋರಿಸೋಕೆ ಬಂದಿದ್ದರೆ ಎದ್ದು ಹೋಗು."

"ಕನಿಕರಾನಾ? ನಿನ್ನ ಮೇಲಾ? ಹೊಟ್ಟೆಕಿಚ್ಚು ಕಣೇ ನಂಗೆ!" ಅಂದಳು ಅಮ್ಮ. "ನೀನು ಅಲ್ಲಿ ಇಲ್ಲಿ ಕಣ್ಣರಳಿಸ್ಕೊಂಡು ನಿಂತುಬಿಡ್ತೀಯ. ಪಕ್ಕದಲ್ಲೇ ನಿಂತಿರ್ತೀನಿ, ನಂಗೇನೂ ಕಾಣಲ್ಲ. ಎಷ್ಟು ವರ್ಷ ಅಂತ ಆಡ್ಕೊಂಡು ನಗಲಿ? ನಿಂಗೆ ಕಾಣೋದು ನಂಗೂ ಕಾಣ್ಬೇಕು. ಕಲಿಸ್ತೀಯೋ ಇಲ್ವೋ ಹೇಳು."

ಚಿಕ್ಕಮ್ಮ ಫಾರ್ಮನ್ನು ಅಮ್ಮನ ಮುಂದೆ ಸರಿಸಿ, ಪೆನ್ನಿನ ಕ್ಯಾಪ್ ತೆಗೆದುಕೊಟ್ಟಳು.

ಮೊದಲ ಕ್ಲಾಸಿನ ದಿನ ಅಮ್ಮನನ್ನು ಬಿಟ್ಟು ಬರಲು ಹೋದ ನಾನು ಹೊರಡಲು ಮನಸ್ಸಾಗದೆ ಕಿಟಕಿಯ ಹತ್ತಿರ ನಿಂತೆ. ಅಮ್ಮ ಮೊದಲನೇ ಬೆಂಚಿನಲ್ಲಿ ಕೂತಿದ್ದಳು, ತಲೆಗೆ ಒಂದೆಳೆ ಮಲ್ಲಿಗೆ ಮುಡಿದಿದ್ದಳು. ಚಿಕ್ಕಮ್ಮ ಹಾಜರಿ ಕೂಗುತ್ತಾ ಬಂದಳು. ಕೊನೆಯ ಹೆಸರು ಅಮ್ಮನದು.

ಅಮ್ಮ ಬೆಂಚು ಹಿಡಿದುಕೊಂಡು ಎದ್ದು ನಿಂತಳು. "ಪ್ರೆಸೆಂಟ್ ಮೇಡಂ."

ಚಿಕ್ಕಮ್ಮ ತಲೆ ಎತ್ತಿ ನೋಡಿದಳು. ಇಡೀ ಕ್ಲಾಸಿನ ಮುಂದೆ, ಅವಳ ಬಾಯಲ್ಲಿ ಬಂದದ್ದು ಇಷ್ಟೇ:

"ಕೂತ್ಕೋ ಅಕ್ಕ, ಮಂಡಿ ನೋಯುತ್ತೆ."